ಸೈಟಿನ ಮ್ಯಾಲ ಬನ್ನಿ ಎಲಿ ಉದುರಿಸೋದು ಹೆಂಗ: ನಮ್ಮ ಹಬ್ಬ-ಹಂಗಾಮಿಗೆ ತಕ್ಕ ಆನಿಮೇಶನ್

ಡಿಸೆಂಬರ್ ಬಂತಂದ್ರ ಎಷ್ಟೋ ಕನ್ನಡ ಬ್ಲಾಗಿನ ಮ್ಯಾಲ ಬಿಳಿ ಹಿಮ ಬೀಳಾಕ ಶುರು ಆಗತೈತಿ, ಯಾಕಂದ್ರ ರೆಡಿಮೇಡ್ ಸಿಗೋ ಸ್ಕ್ರಿಪ್ಟ್ ಹೆಚ್ಚಾಗಿ ಅವ ಇರ್ತಾವ. ಹಿಮ ನೋಡಾಕ ಚಂದನ, ಆದ್ರ ಹುಬ್ಬಳ್ಳಿ-ಧಾರವಾಡದಾಗ ಕುಂತು ಬರಿಯೋ ನಮಗ ಉದುರೋ ವಸ್ತುಗೋಳು ಏನ್ ಕಡಿಮಿ ಅದಾವ ಹೇಳ್ರಿ? ದಸರಾಕ್ಕ ಬನ್ನಿ, ಸಂಕ್ರಾಂತಿಗೆ ಕುಸುರೆಳ್ಳು, ಮೇ ತಿಂಗಳದಾಗ ರಸ್ತೆ ತುಂಬ ಗುಲ್‌ಮೊಹರ್ ಪಕಳಿ, ಆಷಾಢ-ಶ್ರಾವಣದಾಗ ಧಾರವಾಡದ ಜಿಟಿಜಿಟಿ ಮಳಿ, ಹೋಳಿ ಹುಣ್ಣಿಮಿ ಆಗಿ ಐದನೇ ದಿನಕ್ಕ ಹುಬ್ಬಳ್ಳಿ ರಂಗಪಂಚಮಿ ಬಣ್ಣ. ಇವನ್ನ ನಮ್ಮ ಸೈಟಿನ ಮ್ಯಾಲ ತರೋದು ಹೆಂಗ ಅಂತ ಇಲ್ಲಿ ಒಂದೊಂದ ಮೆಟ್ಟಲದಂಗ ಹೇಳತೀನಿ, ಉದಾಹರಣೆಗೆ ಬನ್ನಿ ಎಲಿ ತೊಗೊಂಡೀನಿ. ಬ್ಯಾರೆ ಯಾವುದ ಹಾಕಬೇಕಂದ್ರೂ ಇದರಾಗಿಂದ ಚಿತ್ರ ಮತ್ತ ಚಲನೆ ಅಷ್ಟ ಬದಲಿ ಮಾಡಿದ್ರ ಸಾಕು.

ಮೊದಲ ಒಂದ ಮಾತು. ಕೋಡ್ ಬರಿಯೋಕಿಂತ ಮುಂಚೆ ನೀವು ಹಾಕಬೇಕಂತಿರೋ ವಸ್ತು ಖರೇನ ಹೆಂಗ ಬೀಳತೈತಿ ಅಂತ ಕಣ್ಣಾರೆ ನೋಡ್ರಿ. ಬನ್ನಿ ಎಲಿ ಹಗುರ, ಅದು ಓಲಾಡಕೋತ, ತಿರಗಕೋತ, ಟೈಮ್ ತೊಗೊಂಡು ಕೆಳಗ ಬರತೈತಿ. ಕುಸುರೆಳ್ಳು ಹಂಗಲ್ಲ, ಸೀದಾ ಬಿದ್ದು ಒಂದೆರಡ ಸಲ ಪುಟಿದು ನಿಲ್ಲತೈತಿ. ಮುಂಗಾರು ಮಳಿ ಗಾಳಿಗೆ ವಾಲಿ ಓರೆಯಾಗಿ ಬೀಳತೈತಿ. ಚಿತ್ರ ಎಷ್ಟ ಚಂದ ಬಿಡಿಸಿದ್ರೂ ಬೀಳೋ ರೀತಿ ತಪ್ಪಿದ್ರ ನೋಡೋವ್ರಿಗೆ ಏನೋ ಸರಿ ಇಲ್ಲ ಅಂತ ತಟ್ಟನ ಗೊತ್ತಾಗತೈತಿ. ಚಿತ್ರ ಸುಮಾರ ಇದ್ದು ಚಲನೆ ಸರಿ ಇದ್ರ ಯಾರಿಗೂ ಕೊರತಿ ಕಾಣಂಗಿಲ್ಲ.

ಇನ್ನೊಂದು, ಸಿಎಸ್‌ಎಸ್ (ಪುಟದ ಅಂದ-ಚಂದ, ಚಲನೆ ಹೇಳೋ ಭಾಷೆ) ಪ್ರಾಪರ್ಟಿ ಹೆಸರುಗಳನ್ನ ನಾನು ಇಲ್ಲಿ ಉಚ್ಚಾರ ಆಗೋ ಹಂಗ ಬರದೀನಿ, ನೀವು ಟೈಪ್ ಮಾಡುವಾಗ ಅವನ್ನ ಇಂಗ್ಲಿಷ್ ಸಣ್ಣಕ್ಷರದಾಗ ಹಾಕ್ರಿ, ಎರಡು ಶಬ್ದದ ಹೆಸರಿದ್ರ ನಡುವ ಅಡ್ಡಗೆರಿ ಇರ್ತೈತಿ. ಈ ರೀತಿಗೆ ಹೊಂದದ ಹೆಸರನ್ನ ಕಂಸದಾಗ ಇಂಗ್ಲಿಷ್‌ನ್ಯಾಗನ ಕೊಟ್ಟೀನಿ, ಹಂಗ ಹಾಕ್ರಿ. ಆದ್ರ ಕ್ಲಾಸಿನ ಹೆಸರು, ಕೀಫ್ರೇಮಿನ (ಚಲನೆ ಎಲ್ಲಿಂದ ಎಲ್ಲಿಗೆ ಅಂತ ಹೇಳೋ ಭಾಗದ) ಹೆಸರು, ಜಾವಾಸ್ಕ್ರಿಪ್ಟ್‌ನ ವೇರಿಯೇಬಲ್ ಹೆಸರು ಇವನ್ನೆಲ್ಲಾ ಕನ್ನಡದಾಗನ ಇಡಬಹುದು, ಬ್ರೌಸರ್ ಒಪ್ಪಕೊಳ್ಳತೈತಿ, ಫೈಲ್ ಯುಟಿಎಫ್-8ದಾಗ ಸೇವ್ ಆಗಿದ್ರ ಆತು. ಅದಕ್ಕ ಕೆಳಗ ಪದರ, ಎಲಿ, ಬೀಳು, ಓಲಾಡು ಅಂತನ ಹೆಸರಿಟ್ಟೀನಿ, ನಾಕ ತಿಂಗಳ ಬಿಟ್ಟು ತೆರದು ನೋಡಿದ್ರೂ ಯಾವುದು ಏನು ಅಂತ ತಿಳಿತೈತಿ.

ಎಲ್ಲಿ ಹಾಕೋದು

ಬ್ಲಾಗರ್‌ನ್ಯಾಗ ಇದ್ರ ಲೇಔಟ್‌ಗೆ ಹೋಗ್ರಿ, ಆಡ್ ಎ ಗ್ಯಾಜೆಟ್ ಒತ್ತಿ ಎಚ್‌ಟಿಎಂಎಲ್/ಜಾವಾಸ್ಕ್ರಿಪ್ಟ್ ಅನ್ನೋದು ಆರಿಸ್ರಿ, ಟೈಟಲ್ ಖಾಲಿ ಬಿಟ್ಟು ಕೋಡ್ ಎಲ್ಲಾ ಕೆಳಗಿನ ಡಬ್ಬಿಯೊಳಗ ಹಾಕಿ ಸೇವ್ ಮಾಡ್ರಿ. ಥೀಮಿನ ಎಚ್‌ಟಿಎಂಎಲ್ ಒಳಗ ಕೈ ಹಾಕೋ ಜರೂರ ಇಲ್ಲ, ಹಾಕೋದ ಆದ್ರ ಮೊದಲ ಥೀಮ್ ಬ್ಯಾಕಪ್ ಇಳಿಸಿ ಇಟ್ಕೊಳ್ರಿ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಫ್ರೀ ಪ್ಲಾನ್‌ನ್ಯಾಗ ಸ್ಕ್ರಿಪ್ಟ್ ಟ್ಯಾಗ್ ಹಾಕಿದ್ರ ಅದು ತಾನ ತೆಗದ ಬಿಡತೈತಿ, ಅಲ್ಲಿ ಇದು ನಡಿಯಂಗಿಲ್ಲ. ನಿಮ್ಮದ ಹೋಸ್ಟಿಂಗ್ ಮ್ಯಾಲಿನ ವರ್ಡ್‌ಪ್ರೆಸ್ ಇದ್ರ ಫೂಟರ್‌ನ್ಯಾಗ ಕಸ್ಟಮ್ ಎಚ್‌ಟಿಎಂಎಲ್ ಬ್ಲಾಕ್ ಹಾಕ್ರಿ, ಮೂಲ ಥೀಮಿನ ಫೈಲ್ ತಿದ್ದಬ್ಯಾಡ್ರಿ, ಮುಂದಿನ ಅಪ್‌ಡೇಟ್ ಬಂದಾಗ ಎಲ್ಲಾ ಅಳಿಸಿ ಹೋಗತೈತಿ. ಕೈಯಾರೆ ಕಟ್ಟಿದ ಸೈಟ್ ಆದ್ರ ಬಾಡಿ ಟ್ಯಾಗ್ ಮುಗಿಯೋ ಮುಂಚೆ ಹಾಕ್ರಿ, ಓದೋ ಮಜಕೂರು ಮೊದಲ ಬಂದು ಅಲಂಕಾರ ಆಮ್ಯಾಲ ಬರಲಿ.

ಎಲಿ ಬಿಡಿಸೋದು

ಇಮೋಜಿ ಹಾಕಿದ್ರ ಸಸಾರ ಅನ್ನಸತೈತಿ, ಆದ್ರ ಒಂದೊಂದ ಫೋನಿನ್ಯಾಗ ಒಂದೊಂದ ನಮೂನಿ ಕಾಣತೈತಿ, ಮತ್ತ ಬನ್ನಿಗೆ ಇಮೋಜಿನ ಇಲ್ಲ. ಎಸ್‌ವಿಜಿ ಬಿಡಿಸಿಕೊಳ್ರಿ, ಇಂಕ್‌ಸ್ಕೇಪ್ ಅಂತ ಪುಕ್ಕಟ ಸಾಫ್ಟ್‌ವೇರ್ ಐತಿ. ಬನ್ನಿ ಎಲಿ ಅಂದ್ರ ಒಂದು ಅಗಲ ಎಲಿ ಅಲ್ಲ, ನಡುವ ಒಂದು ಸಣ್ಣ ದೇಟು, ಅದರ ಎರಡೂ ಮಗ್ಗಲಿಗೆ ಸಾಲಾಗಿ ಸಣ್ಣ ಸಣ್ಣ ಎಲಿ. ಒಂದು ಉದ್ದುರುಟು ಆಕಾರ ಬಿಡಿಸಿ ಅದನ್ನ ಕಾಪಿ ಮಾಡಿ ಮಾಡಿ ಎರಡೂ ಕಡೆ ಕೂಡಿಸಿದ್ರ ಆತು, ಏಳೆಂಟ ಜೋಡಿ ಸಾಕು. ಬಣ್ಣ ಬೂದಿ ಮಿಶ್ರಿತ ಹಸರ ಇರಲಿ. ನಮ್ಮ ಕಡೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತೀವಲ್ಲ, ಅದಕ್ಕ ನಾಕೈದು ಎಲಿಗೆ ಒಂದರಂಗ ಬಂಗಾರದ ಬಣ್ಣದ್ದು ಹಾಕ್ರಿ, ಎಲ್ಲಾನೂ ಬಂಗಾರ ಮಾಡಿದ್ರ ಅದು ಎಲಿ ಅಂತ ಗುರ್ತ ಸಿಗಂಗಿಲ್ಲ.

ಸೇವ್ ಮಾಡುವಾಗ ಪ್ಲೇನ್ ಎಸ್‌ವಿಜಿ ಅಂತ ಮಾಡ್ರಿ. ಇಲ್ಲಂದ್ರ ಇಂಕ್‌ಸ್ಕೇಪ್‌ನ ಸ್ವಂತ ಮಾಹಿತಿ ಎಲ್ಲಾ ಅದರಾಗ ಸೇರಿ ಫೈಲ್ ಸುಮ್ನ ದಪ್ಪ ಆಗತೈತಿ. ಆಮ್ಯಾಲ ಅದನ್ನ ನೋಟ್‌ಪ್ಯಾಡ್‌ನ್ಯಾಗ ತೆರದು ಎಸ್‌ವಿಜಿ ಟ್ಯಾಗಿನಿಂದ ಅದರ ಕೊನಿ ತನಕ ಕಾಪಿ ಮಾಡಿ ಕೋಡಿನೊಳಗನ ಹಾಕ್ರಿ. ವ್ಯೂಬಾಕ್ಸ್ (viewBox) ಅನ್ನೋದನ್ನ ಅಳಸಬ್ಯಾಡ್ರಿ, ಅದು ಹೋದ್ರ ಎಲಿ ಸಣ್ಣದು ದೊಡ್ಡದು ಮಾಡಾಕ ಬರಂಗಿಲ್ಲ. ಎಲಿ ಆಕಾರನ ಸಿಂಬಲ್ ಟ್ಯಾಗ್‌ನೊಳಗ ಒಮ್ಮೆ ಇಟ್ಟು ಬೇಕಾದಲ್ಲಿ ಯೂಸ್ ಟ್ಯಾಗ್‌ನಿಂದ ಕರದ್ರ ಹತ್ತು ಎಲಿ ಇದ್ರೂ ಚಿತ್ರ ಒಂದ ಸಲ ಬರದಂಗ ಆಗತೈತಿ.

ಪದರ

ಈಗ ಪುಟದ ಮ್ಯಾಲ ಒಂದು ಪದರ ಹಾಸಬೇಕು. ಒಂದು ಡಿವ್ ಮಾಡಿ ಕ್ಲಾಸ್ ಪದರ ಅಂತ ಕೊಡ್ರಿ. ಪೊಸಿಷನ್ ಫಿಕ್ಸ್ಡ್, ಇನ್‌ಸೆಟ್ ಸೊನ್ನಿ, ಓವರ್‌ಫ್ಲೋ ಹಿಡನ್, ಪಾಯಿಂಟರ್-ಇವೆಂಟ್ಸ್ ನನ್. ಇವು ನಾಕೂ ಬೇಕ. ಫಿಕ್ಸ್ಡ್ ಇರೋದರಿಂದ ಪುಟದ ಲೇಔಟ್ ಅಲುಗಾಡಂಗಿಲ್ಲ, ಓದೋ ಸಾಲು ಮ್ಯಾಲ ಕೆಳಗ ಜಿಗಿಯಂಗಿಲ್ಲ. ಓವರ್‌ಫ್ಲೋ ಹಿಡನ್ ಇಲ್ಲಂದ್ರ ಅಂಚಿನ ಎಲಿ ಹೊರಗ ಹೋದಾಗ ಕೆಲವೊಮ್ಮೆ ಅಡ್ಡ ಸ್ಕ್ರೋಲ್ ಪಟ್ಟಿ ಮೂಡತೈತಿ. ಪಾಯಿಂಟರ್-ಇವೆಂಟ್ಸ್ ನನ್ ಅಂತೂ ಮರೀಲೇಬಾರದು, ಅದಿಲ್ಲದಿದ್ರ ಈ ಪದರ ಶೋಕೇಸಿನ ಗಾಜಿನಂಗ ಅಡ್ಡ ನಿಲ್ಲತೈತಿ, ಒಳಗಿನದೆಲ್ಲಾ ಕಾಣತೈತಿ ಆದ್ರ ಒಂದು ಲಿಂಕೂ ಒತ್ತಾಕ ಬರಂಗಿಲ್ಲ. ಜತಿಗೆ ಆ ಡಿವ್‌ಗೆ ಆರಿಯಾ-ಹಿಡನ್ (aria-hidden) ಟ್ರೂ ಅಂತ ಕೊಡ್ರಿ, ಕಣ್ಣು ಕಾಣದವ್ರು ಸ್ಕ್ರೀನ್ ರೀಡರ್ ಹಚ್ಚಿ ಕೇಳುವಾಗ ಈ ಎಲಿಗೋಳು ಅವ್ರ ಕಿವಿಗೆ ಅಡ್ಡ ಬರಂಗಿಲ್ಲ.

ಎಲಿ ಎಲ್ಲಿ ಉದುರಬೇಕು ಅನ್ನೋದರ ಬಗ್ಗೆ ನಂದು ಒಂದು ಗಟ್ಟಿ ಅಭಿಪ್ರಾಯ ಐತಿ. ಕನ್ನಡ ಅಕ್ಷರದಾಗ ಒತ್ತು, ಕೊಂಬು, ದೀರ್ಘ ಇವೆಲ್ಲಾ ಸಣ್ಣ ಸಣ್ಣವು, ಅದರ ಮ್ಯಾಲ ಒಂದು ಎಲಿ ಹಾಯ್ದು ಹೋದ್ರ ಓದೋವನ ಕಣ್ಣು ಅಲ್ಲೇ ಎಡವತೈತಿ. ಅದಕ್ಕ ಕಂಪ್ಯೂಟರ್‌ನ್ಯಾಗ ಎಲಿಗಳನ್ನ ಎಡಕ್ಕ 15 ಪರ್ಸೆಂಟ್, ಬಲಕ್ಕ 15 ಪರ್ಸೆಂಟ್ ಜಾಗಾದಾಗ ಅಷ್ಟ ಬಿಡ್ರಿ, ನಡುವಿನ ಬರಹ ಖಾಲಿ ಇರಲಿ. ಫೋನಿನ್ಯಾಗ ಅಂಚಿಗೆ ಜಾಗಾನ ಇರಂಗಿಲ್ಲ, ಅಲ್ಲಿ ಪೊಸಿಷನ್ ಫಿಕ್ಸ್ಡ್ ಬದಲಿ ಅಬ್ಸಲ್ಯೂಟ್ ಮಾಡಿ ಪದರದ ಎತ್ತರ ಹೆಡರಿನಷ್ಟಕ್ಕ ನಿಲ್ಲಸ್ರಿ, ಓದಕೋತ ಕೆಳಗ ಸರಿದಂಗ ಎಲಿ ಮ್ಯಾಲನ ಉಳೀತಾವ.

ಬೀಳೋದು, ಓಲಾಡೋದು

ಇದ ಮುಖ್ಯ ಕೆಲಸ. ಒಂದೊಂದು ಎಲಿಗೆ ಎರಡು ಸುತ್ತು ಬೇಕು, ಹೊರಗೊಂದು ಸ್ಪ್ಯಾನ್, ಅದರೊಳಗೊಂದು ಸ್ಪ್ಯಾನ್, ಅದರೊಳಗ ಎಲಿ ಚಿತ್ರ. ಹೊರಗಿಂದು ಕೆಳಗ ಇಳಿಸತೈತಿ, ಒಳಗಿಂದು ಓಲಾಡಿಸತೈತಿ. ಎರಡನ್ನೂ ಒಂದ ಎಲಿಮೆಂಟಿಗೆ ಕೊಟ್ರ ನಡಿಯಂಗಿಲ್ಲ, ಯಾಕಂದ್ರ ಎರಡೂ ಟ್ರಾನ್ಸ್‌ಫಾರ್ಮ್ ಅನ್ನೋ ಒಂದ ಪ್ರಾಪರ್ಟಿ ಬಳಸತಾವ, ಆಮ್ಯಾಲ ಬಂದಿದ್ದು ಮೊದಲಿಂದನ್ನ ಅಳಸತೈತಿ.

ಬೀಳು ಅನ್ನೋ ಕೀಫ್ರೇಮಿನ್ಯಾಗ ಟ್ರಾನ್ಸ್‌ಲೇಟ್-ವೈ (translateY) ಮೈನಸ್ 10 ವಿಎಚ್‌ನಿಂದ 110 ವಿಎಚ್ ತನಕ ಹೋಗಲಿ (100 ವಿಎಚ್ ಅಂದ್ರ ಪರದೆಯ ಪೂರಾ ಎತ್ತರ). ಟೈಮಿಂಗ್ ಲೀನಿಯರ್ ಅಂತ ನೀವಾಗಿ ಬರೀಬೇಕು. ಬರೀದಿದ್ರ ಬ್ರೌಸರ್ ತಾನ ಈಸ್ ಅಂತ ಹಿಡಿತೈತಿ, ಆವಾಗ ಎಲಿ ಮೆಲ್ಲಕ ಹೊರಟು ನಡುವ ಜೋರಾಗಿ ಓಡಿ ಕೆಳಗ ಬರೋವಾಗ ಮತ್ತ ನಿಧಾನ ಆಗತೈತಿ, ಯಾವ ಗಿಡದ ಎಲಿನೂ ಹಂಗ ಬೀಳಂಗಿಲ್ಲ. ಹಗುರ ಎಲಿ ಗಾಳಿಯೊಳಗ ಲಗೂನ ಒಂದ ವೇಗಕ್ಕ ಬಂದು ಅದ ವೇಗದಾಗ ಇಳೀತೈತಿ. ಓಲಾಡು ಅನ್ನೋದಕ್ಕ ಮಾತ್ರ ಈಸ್-ಇನ್-ಔಟ್ ಸರಿ, ಎಡಕ್ಕ ಮೈನಸ್ 20 ಪಿಕ್ಸೆಲ್ ಮತ್ತ ಮೈನಸ್ 35 ಡಿಗ್ರಿ, ಬಲಕ್ಕ 20 ಪಿಕ್ಸೆಲ್ ಮತ್ತ 35 ಡಿಗ್ರಿ, ಡೈರೆಕ್ಷನ್ ಆಲ್ಟರ್ನೇಟ್, ಸಂಖ್ಯೆ ಇನ್ಫಿನಿಟ್. ಜೋಕಾಲಿ ಆಡುವಾಗ ತುದಿಯೊಳಗ ಒಂದ ಕ್ಷಣ ನಿಂತಂಗ ಆಗತೈತಲ್ಲ, ಆ ನಿಲುವು ಈಸ್-ಇನ್-ಔಟ್‌ನಿಂದನ ಬರತೈತಿ.

ಬೀಳೋಕ 9ರಿಂದ 14 ಸೆಕೆಂಡ್, ಓಲಾಡಾಕ 2ರಿಂದ 4 ಸೆಕೆಂಡ್ ಇಟ್ರ ಚಂದ. ಎಲ್ಲಾ ಎಲಿಗೂ ಒಂದ ಟೈಮ್ ಕೊಟ್ರ ಕವಾಯತಿನಂಗ ಸಾಲಾಗಿ ಇಳೀತಾವ, ಅದಕ್ಕ ಒಂದೊಂದಕ್ಕ ಬ್ಯಾರೆ ಬ್ಯಾರೆ ಕೊಡ್ರಿ. ದೊಡ್ಡ ಎಲಿ ಜೋರಾಗಿ, ಸಣ್ಣ ಎಲಿ ನಿಧಾನಕ್ಕ ಮತ್ತ ಸ್ವಲ್ಪ ಮಸಕಾಗಿ ಬೀಳಲಿ, ಆವಾಗ ಒಂದಿಷ್ಟು ಹತ್ರ ಒಂದಿಷ್ಟು ದೂರ ಅದಾವ ಅನ್ನಸತೈತಿ. ಡಿಲೇ ಮೈನಸ್‌ನ್ಯಾಗ ಕೊಡ್ರಿ, ಮೈನಸ್ 5 ಸೆಕೆಂಡ್ ಅಂದ್ರ ಪುಟ ತೆರದಾಗ ಆ ಎಲಿ ಆಗಲೇ 5 ಸೆಕೆಂಡ್ ಕೆಳಗ ಬಂದಿರತೈತಿ, ಇಲ್ಲಂದ್ರ ಎಲ್ಲಾ ಎಲಿ ಒಮ್ಮೆಲೆ ಮ್ಯಾಲಿಂದ ಹೊರಡತಾವ.

ಟಾಪ್, ಲೆಫ್ಟ್ ಬದಲಿ ಮಾಡಿ ಚಲನೆ ಕೊಡಬ್ಯಾಡ್ರಿ. ಅವು ಬದಲಾದಂಗೆಲ್ಲಾ ಬ್ರೌಸರ್ ಪುಟದ ಅಳತಿ ಮತ್ತ ಲೆಕ್ಕ ಹಾಕಬೇಕಾಗತೈತಿ, ಟ್ರಾನ್ಸ್‌ಫಾರ್ಮ್ ಮತ್ತ ಓಪಾಸಿಟಿ ಆದ್ರ ಆ ಲೆಕ್ಕ ಇಲ್ಲ, ಗ್ರಾಫಿಕ್ಸ್ ಚಿಪ್ ಸುಮ್ನ ಸರಿಸತೈತಿ. ಹಳೇ ಫೋನಿನ್ಯಾಗ ಈ ವ್ಯತ್ಯಾಸ ಕಣ್ಣಿಗೆ ಹೊಡದಂಗ ಕಾಣತೈತಿ.

ಎಲಿ ಎಷ್ಟು ಬೇಕು? ಕಂಪ್ಯೂಟರ್‌ಗೆ 12-15, ಫೋನಿಗೆ 6-8. ಹೆಚ್ಚಾದಷ್ಟು ಹಬ್ಬ ಹೆಚ್ಚಾಗಂಗಿಲ್ಲ. ಮತ್ತ ಬೀಳೋದನ್ನ ಇನ್ಫಿನಿಟ್ ಮಾಡೋ ಬದಲಿ 2 ಸಲ ಅಂತ ಕೊಡ್ರಿ, ಫಿಲ್-ಮೋಡ್ ಫಾರ್ವರ್ಡ್ಸ್ ಹಾಕ್ರಿ. ಓದೋವ್ರು ಬಂದಾಗ ಒಂದಿಷ್ಟು ಎಲಿ ಬಿದ್ದು ಸ್ವಾಗತ ಮಾಡಿ, ಆಮ್ಯಾಲ ಓದಾಕ ಬಿಟ್ಟು ಸುಮ್ನಾಗಲಿ. ಹೊರಗಿನ ಸ್ಪ್ಯಾನ್‌ಗೆ ಆನಿಮೇಶನ್-ಎಂಡ್ (animationend) ಇವೆಂಟ್ ಹಚ್ಚಿ ಆ ಎಲಿನ ಪೂರಾ ರಿಮೂವ್ ಮಾಡ್ರಿ, ಇಲ್ಲಂದ್ರ ಅದು ಪರದೆ ಕೆಳಗ ಕಾಣದಂಗ ಓಲಾಡಕೋತ ಬ್ಯಾಟರಿ ತಿಂತಿರತೈತಿ.

ತಾರೀಖಿನ ಲೆಕ್ಕ

ಎಲಿ ಹುಟ್ಟಸೋ ಸ್ಕ್ರಿಪ್ಟ್ ಸಣ್ಣದು. ಒಂದು ಫಾರ್ ಲೂಪ್, ಪ್ರತಿ ಸುತ್ತಿಗೆ ಎರಡು ಸ್ಪ್ಯಾನ್ ಮಾಡೋದು, ಮ್ಯಾಥ್ ರ್‍ಯಾಂಡಮ್‌ನಿಂದ (Math.random) ಜಾಗ, ಅಳತಿ, ಟೈಮ್, ಡಿಲೇ ಕೊಡೋದು, ಪದರಕ್ಕ ಸೇರಸೋದು. ಆ ಲೂಪಿಗೆ ಹೋಗೋಕಿಂತ ಮುಂಚೆ ಇವತ್ತು ಹಬ್ಬದ ದಿನ ಹೌದೋ ಅಲ್ಲೋ ಅಂತ ನೋಡಬೇಕು. ರಾಜ್ಯೋತ್ಸವ ಆದ್ರ ಪ್ರತಿ ವರ್ಷ ನವೆಂಬರ್ 1, ಸಂಕ್ರಾಂತಿ ಜನವರಿ 14 ಇಲ್ಲಾ 15, ಇವು ಸರಳ. ಚಾಂದ್ರಮಾನದ ಹಬ್ಬ ಹಂಗ ಸಿಗಂಗಿಲ್ಲ, ವಿಜಯದಶಮಿ 2024ರಾಗ ಅಕ್ಟೋಬರ್ 12ಕ್ಕ ಬಂತು, 2025ರಾಗ ಅಕ್ಟೋಬರ್ 2ಕ್ಕ. ಇದಕ್ಕ ಫಾರ್ಮುಲಾ ಹುಡಕಬ್ಯಾಡ್ರಿ. ಮನ್ಯಾಗ ಗೋಡೆಗೆ ತೂಗು ಹಾಕಿರೋ ಕ್ಯಾಲೆಂಡರ್ ನೋಡಿ ಒಂದು ಸಣ್ಣ ಪಟ್ಟಿ ಬರದು ಇಡ್ರಿ, ಹಬ್ಬದ ಹೆಸರು, ಶುರು ದಿನ, ಕೊನಿ ದಿನ, ಯಾವ ಚಿತ್ರ. ಕಾರ ಹುಣ್ಣಿಮಿ, ಮಣ್ಣೆತ್ತಿನ ಅಮಾಸಿ, ನಾಗರ ಪಂಚಮಿ, ಶೀಗಿ ಹುಣ್ಣಿಮಿ, ಎಳ್ಳಮಾಸಿ ಎಲ್ಲಾ ಅದರಾಗ ಕೂಡಿಸಬಹುದು, ಪೇಟಿಯೊಳಗ ಸಿಗೋ ಯಾವ ರೆಡಿಮೇಡ್ ಸ್ಕ್ರಿಪ್ಟೂ ಮಣ್ಣೆತ್ತು ಕೊಡಂಗಿಲ್ಲ, ನಾವ ಮಾಡಕೋಬೇಕು.

ಒಂದು ಎಚ್ಚರ: ಜಾವಾಸ್ಕ್ರಿಪ್ಟ್‌ನ್ಯಾಗ ತಿಂಗಳ ಎಣಿಕಿ ಸೊನ್ನಿಯಿಂದ ಶುರು, ಜನವರಿ ಅಂದ್ರ 0, ಅಕ್ಟೋಬರ್ ಅಂದ್ರ 9. ಅಲ್ಲಿ 10 ಅಂತ ಬರದ್ರ ಬನ್ನಿ ನವೆಂಬರ್‌ನ್ಯಾಗ ಉದುರತೈತಿ. ಮತ್ತ ಡೇಟ್ ಅನ್ನೋದು ನೋಡೋವ್ರ ಫೋನಿನ ಟೈಮ್ ಹಿಡಿತೈತಿ, ಅಮೆರಿಕಾದಾಗ ಇರೋ ನಿಮ್ಮ ಓದುಗರಿಗೆ ಅವ್ರ ಊರಿನ ಟೈಮಿಗೆ ಹಬ್ಬ ಬರಲಿ ಅಂದ್ರ ಹಂಗ ಬಿಡ್ರಿ, ಎಲ್ಲಾರಿಗೂ ಇಲ್ಲಿಂದ ಟೈಮಿಗೆ ಬೇಕಂದ್ರ ಇಂಟ್ಲ್ ಡೇಟ್‌ಟೈಮ್‌ಫಾರ್ಮ್ಯಾಟ್‌ಗೆ ಟೈಮ್‌ಜೋನ್ ಏಷ್ಯಾ/ಕೋಲ್ಕತಾ (Intl.DateTimeFormat, timeZone: 'Asia/Kolkata') ಅಂತ ಕೊಡ್ರಿ.

ನಿಲ್ಲಸೋ ಬಟನ್

ಪರದೆ ಮ್ಯಾಲ ಏನಾರ ಸರಿದಾಡಿದ್ರ ತಲಿ ಸುತ್ತು ಬರೋವ್ರು, ಹೊಟ್ಟಿ ತೊಳಸೋವ್ರು ಇರ್ತಾರ. ಅವ್ರು ತಮ್ಮ ಫೋನಿನ ಸೆಟ್ಟಿಂಗ್ಸ್‌ನ್ಯಾಗ ಮೊದಲ ಚಲನೆ ಬಂದ್ ಮಾಡಿ ಇಟ್ಟಿರ್ತಾರ, ಆಂಡ್ರಾಯ್ಡ್‌ನ್ಯಾಗ ರಿಮೂವ್ ಆನಿಮೇಶನ್ಸ್ ಅಂತ, ಐಫೋನಿನ್ಯಾಗ ರೆಡ್ಯೂಸ್ ಮೋಷನ್ ಅಂತ ಇರ್ತೈತಿ. ಬ್ರೌಸರ್ ಆ ಮಾತು ನಿಮಗ ತಲಪಸತೈತಿ, ಕೇಳೋದಷ್ಟ ನಿಮ್ಮ ಕೆಲಸ: ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್ ಅನ್ನೋ ಮೀಡಿಯಾ ಕ್ವೆರಿ. ಸ್ಕ್ರಿಪ್ಟಿನ ಶುರುವಿಗೇ ಮ್ಯಾಚ್-ಮೀಡಿಯಾದಿಂದ (matchMedia) ಇದನ್ನ ನೋಡ್ರಿ, ರೆಡ್ಯೂಸ್ ಅಂತ ಬಂದ್ರ ಒಂದೂ ಎಲಿ ಹುಟ್ಟಸಬ್ಯಾಡ್ರಿ. ಅವ್ರಿಗೂ ಹಬ್ಬ ಕಾಣಲಿ ಅಂದ್ರ ಹೆಡರಿನ್ಯಾಗ ಅಲುಗಾಡದ ಒಂದು ಬನ್ನಿ ಚಿತ್ರ ಇಡ್ರಿ.

ವೆಬ್ ಪುಟ ಎಲ್ಲಾರಿಗೂ ಬಳಸಾಕ ಬರೋ ಹಂಗ ಇರಬೇಕು ಅಂತ ಡಬ್ಲ್ಯೂಸಿಎಜಿ ಅನ್ನೋ ಅಂತಾರಾಷ್ಟ್ರೀಯ ಮಾರ್ಗಸೂಚಿ ಐತಿ, ಅದರ ಪ್ರಕಾರ ತಾನಾಗಿ ಶುರು ಆಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಬರಹದ ಜತಿಗೆ ನಡಿಯೋ ಚಲನೆಗೆ ನಿಲ್ಲಸೋ ದಾರಿ ಇರಬೇಕು. ಅದಕ್ಕ ಕೆಳಗ ಎಡ ಮೂಲಿಗೆ ‘ಎಲಿ ನಿಲ್ಲಸ್ರಿ’ ಅಂತ ಒಂದು ಬಟನ್ ಇಡ್ರಿ. ಅದು ಖರೇ ಬಟನ್ ಟ್ಯಾಗ್ ಇರಲಿ, ಆವಾಗ ಕೀಬೋರ್ಡ್‌ನಿಂದಾನೂ ಒತ್ತಾಕ ಬರತೈತಿ, ಮತ್ತ ಅದು ಪದರದ ಹೊರಗ ಇರಬೇಕು, ಒಳಗ ಇಟ್ರ ಪಾಯಿಂಟರ್-ಇವೆಂಟ್ಸ್ ನನ್ ಅದಕ್ಕೂ ಹತ್ತತೈತಿ. ಒಮ್ಮೆ ಒತ್ತಿದವ್ರಿಗೆ ಪ್ರತಿ ಪುಟದಾಗ ಮತ್ತ ಒತ್ತೋ ಕೆಲಸ ಕೊಡಬ್ಯಾಡ್ರಿ, ಲೋಕಲ್-ಸ್ಟೋರೇಜ್‌ನ್ಯಾಗ (localStorage, ಬ್ರೌಸರ್ ನೆನಪಿಡೋ ಜಾಗ) ಬರದ ಇಡ್ರಿ, ಕೆಲವು ಬ್ರೌಸರ್ ಸೆಟ್ಟಿಂಗ್‌ನ್ಯಾಗ ಅದು ಎರರ್ ಕೊಡತೈತಿ, ಅದಕ್ಕ ಟ್ರೈ-ಕ್ಯಾಚ್ ಒಳಗ ಹಾಕ್ರಿ.

ದೀಪಾವಳಿಗೆ ಪಟಾಕಿ ಹಾಕೋವ್ರು ಇದನ್ನ ಲಕ್ಷ್ಯ ಕೊಟ್ಟು ಓದ್ರಿ. ಒಂದು ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಪರದೆ ಝಗ್ ಝಗ್ ಅನ್ನಬಾರದು, ಮೂರ್ಛೆ ರೋಗ ಇದ್ದವ್ರಿಗೆ ಅದರಿಂದ ಫಿಟ್ಸ್ ಬರಬಹುದು. ಹಣತಿ ದೀಪ ಮೆಲ್ಲಕ ಅಲುಗಾಡೋದು ಪಟಾಕಿಗಿಂತ ನೂರು ಪಾಲು ಚಂದ ಮತ್ತ ಅದರಿಂದ ಯಾರಿಗೂ ತ್ರಾಸ ಇಲ್ಲ.

ಮಳಿ, ಬಾತು, ಗಾಳಿಗಿರಣಿ

ಮಳಿಗೆ ನೂರಾರು ಗೆರಿ ಬೇಕು, ಅಷ್ಟು ಸ್ಪ್ಯಾನ್ ಮಾಡಿದ್ರ ಪುಟ ಭಾರ ಆಗತೈತಿ, ಅಲ್ಲಿ ಕ್ಯಾನ್ವಾಸ್ (ಸ್ಕ್ರಿಪ್ಟಿನಿಂದ ಚಿತ್ರ ಬಿಡಸೋ ಟ್ಯಾಗ್) ಹಿಡೀರಿ. ರಿಕ್ವೆಸ್ಟ್-ಆನಿಮೇಶನ್-ಫ್ರೇಮ್ (requestAnimationFrame) ಒಳಗ ಎಲ್ಲಾ ಗೆರಿ ಅಳಸಿ ಸರಿಸಿ ಮತ್ತ ಬಿಡಸೋದು. ಇಲ್ಲಿ ಎಷ್ಟೋ ಮಂದಿ ಪ್ರತಿ ಫ್ರೇಮಿಗೆ ಇಷ್ಟು ಪಿಕ್ಸೆಲ್ ಅಂತ ಸರಸತಾರ, ಆವಾಗ 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್ ತೋರಸೋ) ಫೋನಿನ್ಯಾಗ ಜಿಟಿಜಿಟಿ ಇದ್ದ ಮಳಿ 120 ಹರ್ಟ್ಸ್ ಫೋನಿನ್ಯಾಗ ಎರಡ ಪಟ್ಟು ಜೋರಾಗತೈತಿ. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಟೈಮ್ ಹೋತು ಅಂತ ಕಳದು ನೋಡಿ ಆ ಟೈಮಿಗೆ ತಕ್ಕಷ್ಟು ಸರಸ್ರಿ. ಇನ್ನೊಂದು, ಬ್ಯಾರೆ ಟ್ಯಾಬಿಗೆ ಹೋದಾಗ ಬ್ರೌಸರ್ ಇದನ್ನ ತಾನ ನಿಲ್ಲಸತೈತಿ, ವಾಪಸ್ ಬಂದಾಗ ಆ ಟೈಮಿನ ವ್ಯತ್ಯಾಸ ಒಮ್ಮೆಲೆ ದೊಡ್ಡದಾಗಿ ಬಂದು ಮಳಿ ಜಿಗಿತೈತಿ, ಅದಕ್ಕ 50 ಮಿಲಿಸೆಕೆಂಡಿಗಿಂತ ಹೆಚ್ಚು ಬಂದ್ರ 50 ಅಂತ ಹಿಡೀರಿ. ಮುಂಗಾರು ಗಾಳಿ ಪಡವಣದಿಂದ ಬರತೈತಿ, ಅದಕ್ಕ ಗೆರಿ ನಕಾಶೆಯಂಗ ಎಡದಿಂದ ಬಲಕ್ಕ ಸ್ವಲ್ಪ ಓರೆ ಇರಲಿ, ಬಣ್ಣ ತೆಳು ಬೂದಿ, ಓಪಾಸಿಟಿ 0.2ರ ಆಸುಪಾಸು.

ಗದಗಿನ ಕಡೆಯವ್ರಿಗೆ ಚಳಿಗಾಲಕ್ಕ ಹಿಮದ ಬದಲಿ ಒಂದು ಭಾಳ ಚಂದದ ವಸ್ತು ಐತಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಪ್ರತಿ ಚಳಿಗಾಲ ಹಿಮಾಲಯದ ಆಚಿಂದ ಪಟ್ಟೆತಲೆ ಹೆಬ್ಬಾತುಗಳು ಬರ್ತಾವ, ಆ ಕೆರಿ 2024ರಾಗ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರೇತಿ. ಏಳೆಂಟು ಹಕ್ಕಿ ಓರೆ ಸಾಲಿನ್ಯಾಗ ಹೆಡರಿನ ಈ ತುದಿಯಿಂದ ಆ ತುದಿಗೆ 20 ಸೆಕೆಂಡಿನ್ಯಾಗ ಒಂದ ಸಲ ಹಾರಿ ಹೋಗಲಿ, ಸಾಕು. ಸಾಲು ಪೂರಾ ಒಂದು ಗುಂಪಾಗಿ ಟ್ರಾನ್ಸ್‌ಲೇಟ್-ಎಕ್ಸ್ (translateX) ಆಗಲಿ, ರೆಕ್ಕಿ ಬಡಿತ ಒಂದೊಂದಕ್ಕ ಸ್ವಲ್ಪ ಹಿಂದ ಮುಂದ ಇರಲಿ. ಕಪ್ಪತಗುಡ್ಡದ ಗಾಳಿಗಿರಣಿ ಮಾಡೋದು ಇದಕ್ಕಿಂತ ಸಸಾರ, ಮೂರು ರೆಕ್ಕಿ, ಒಂದು ಸುತ್ತಿಗೆ 5 ಸೆಕೆಂಡ್, ಲೀನಿಯರ್. ಎಸ್‌ವಿಜಿಯೊಳಗಿನ ರೆಕ್ಕಿ ತಿರಗಸುವಾಗ ಟ್ರಾನ್ಸ್‌ಫಾರ್ಮ್-ಬಾಕ್ಸ್ ಫಿಲ್-ಬಾಕ್ಸ್, ಟ್ರಾನ್ಸ್‌ಫಾರ್ಮ್-ಒರಿಜಿನ್ ಸೆಂಟರ್ ಅಂತ ಕೊಡ್ರಿ, ಇಲ್ಲಂದ್ರ ಚಿತ್ರದ ಮೂಲಿ ಹಿಡಕೊಂಡು ತಿರಗತೈತಿ. ಮೂರು ರೆಕ್ಕಿ ಗುಂಪಿನ ನಡುಬಿಂದು ಅಚ್ಚಿನ ಮ್ಯಾಲ ಕರೆಕ್ಟ್ ಬರಂಗಿಲ್ಲ, ಗುಂಪಿನೊಳಗ ಕಾಣದ ಒಂದು ವೃತ್ತ ರೆಕ್ಕಿ ತುದಿ ಮುಟ್ಟೋ ಹಂಗ ಬಿಡಿಸಿದ್ರ ನಡು ಸರಿಯಾಗಿ ಕೂಡತೈತಿ.

ಏನು ಉದುರಿಸಬಾರದು ಅನ್ನೋದನ್ನೂ ಹೇಳಬೇಕು. ಆಗಸ್ಟ್ 15 ಬಂತಂದ್ರ ರಾಷ್ಟ್ರಧ್ವಜನ ಎಲಿಯಂಗ ಮ್ಯಾಲಿಂದ ಉದುರಸೋ ಸ್ಕ್ರಿಪ್ಟ್ ಹಂಚಾಡತಾವ. ನಮ್ಮ ಹುಬ್ಬಳ್ಳಿ ಬೆಂಗೇರಿಯ ಖಾದಿ ಕೇಂದ್ರದಾಗ ಒಂದೊಂದು ಹೊಲಿಗಿ ಲೆಕ್ಕ ಹಾಕಿ ರಾಷ್ಟ್ರಧ್ವಜ ಮಾಡತಾರ, ಧ್ವಜ ನೆಲಕ್ಕ ತಾಗಬಾರದು ಅಂತ 2002ರ ಧ್ವಜ ಸಂಹಿತೆನ ಹೇಳತೈತಿ. ಹೆಡರಿನ್ಯಾಗ ಮ್ಯಾಲ ಹಾರಾಡೋ ಒಂದು ಧ್ವಜ ಇಡ್ರಿ. ಗಣಪತಿ ಚಿತ್ರಾನೂ ಹಂಗ, ಚೌತಿಗೆ ಉದುರಿಸಬೇಕಂದ್ರ ಗರಿಕಿ ಇಲ್ಲಾ ದಾಸವಾಳದ ಪಕಳಿ ಉದುರಸ್ರಿ.

ಹಾಕಿದ ಮ್ಯಾಲ ನೋಡೋದು

ಕ್ರೋಮ್‌ನ್ಯಾಗ ಡೆವಲಪರ್ ಟೂಲ್ಸ್ ತೆರದ್ರ ರೆಂಡರಿಂಗ್ ಅನ್ನೋ ಜಾಗಾದಾಗ ರೆಡ್ಯೂಸ್ಡ್ ಮೋಷನ್ ಹಚ್ಚಿ ನೋಡಬಹುದು, ಪರ್ಫಾರ್ಮೆನ್ಸ್‌ನ್ಯಾಗ ಸಿಪಿಯು ನಾಕ ಪಟ್ಟು ನಿಧಾನ ಮಾಡಿ ನೋಡಬಹುದು. ಆದ್ರೂ ಮನ್ಯಾಗಿನ ಎಲ್ಲಾಕ್ಕಿಂತ ಹಳೇ ಫೋನ್ ತೊಗೊಂಡು ಒಂದು ಉದ್ದ ಬರಹ ಪೂರಾ ಓದಿ ನೋಡ್ರಿ, ಸ್ಕ್ರೋಲ್ ತಡವರಿಸಿದ್ರ ಎಲಿ ಕಡಿಮಿ ಮಾಡ್ರಿ. ಲಿಂಕ್, ಕಾಮೆಂಟ್ ಡಬ್ಬಿ, ಮೆನು ಮೂರೂ ಒತ್ತಿ ನೋಡ್ರಿ.

ಎಲ್ಲಿಂದಲೋ ರೆಡಿ ಸ್ಕ್ರಿಪ್ಟ್ ತರೋವ್ರು ಅದರಾಗ ಬ್ಯಾರೆ ಸೈಟಿನ ವಿಳಾಸ ಇರೋ ಸೋರ್ಸ್ ಐತೇನು ಅಂತ ಓದಿ ನೋಡ್ರಿ. ಹಂಗ ಇದ್ರ ಆ ಸೈಟಿನವ್ರು ನಾಳೆ ಏನ್ ಬದಲಿ ಮಾಡಿದ್ರೂ ನಿಮ್ಮ ಓದುಗರ ಮ್ಯಾಲ ಅದ ಓಡತೈತಿ, ಜಾಹೀರಾತು ಇರಲಿ ಇನ್ನೇನರ ಇರಲಿ. ಕೋಡ್ ನಿಮ್ಮ ಕಡೆನ ಇಟ್ಕೊಳ್ರಿ.

ದಸರಾ ಇನ್ನೂ ದೂರ ಇದ್ದಾಗ ಬನ್ನಿ ಹೆಂಗ ಬೀಳತೈತಿ ಅಂತ ನೋಡಾಕ ಪ್ರತಿ ಸಲ ತಾರೀಖು ತಿದ್ದಬ್ಯಾಡ್ರಿ. ಸೈಟಿನ ವಿಳಾಸದ ಕೊನಿಗೆ ಪ್ರಶ್ನೆ ಚಿಹ್ನೆ ಹಾಕಿ ಹಬ್ಬ=ದಸರಾ ಅಂತ ಬರದ್ರ ಆ ಹಬ್ಬ ತೋರಸೋ ಹಂಗ ಮಾಡ್ರಿ, ಯುಆರ್‌ಎಲ್-ಸರ್ಚ್-ಪ್ಯಾರಮ್ಸ್‌ನಿಂದ (URLSearchParams) ಅದನ್ನ ಓದೋದು ಒಂದ ಸಾಲಿನ ಕೆಲಸ, ಇದೂ ಕನ್ನಡದಾಗನ ನಡಿತೈತಿ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಮುಂದಿನ ವರ್ಷದ ತಾರೀಖು ಪಟ್ಟಿಗೆ ಸೇರಿಸಿ, ಒಂದೊಂದು ಹಬ್ಬನೂ ಹಿಂಗ ತೆರದು ನೋಡಿ ಬಿಟ್ರ ವರ್ಷ ಪೂರ್ತಿ ಕೋಡ್ ಮುಟ್ಟೋ ಕೆಲಸ ಇರಂಗಿಲ್ಲ.